ಲಾಭ, ಎರಡು, ಮೂರು

ಹಾಸನದ ಆ ಆಫೀಸಿಗೆ ಹೋಗಿ ರೂಪಶ್ರೀ ಎಲ್ಲಿ ಕೂರುತ್ತಾಳೆ ಎಂದು ಕೇಳಿ ನೋಡಿ, ಬಾಗಿಲಲ್ಲಿ ಕೂತ ವಾಚ್‌ಮನ್ ತಲೆ ಕೆರೆದುಕೊಳ್ಳುತ್ತಾನೆ. ಕಂಪೈಲರ್ ಅಕ್ಕ ಎಲ್ಲಿ ಎಂದು ಕೇಳಬೇಕು. ಆಗ, ‘ಓ, ಅಕ್ಕಾನ? ಮ್ಯಾಲೆ, ಮೂಲೆ ಟೇಬಲ್ಲು’ ಎಂದು ಕೈ ತೋರಿಸುತ್ತಾನೆ. ನಲವತ್ತೊಂದು ವರ್ಷದ ಹೆಂಗಸು. ಹೆಗಲಿಗೊಂದು ಕಪ್ಪು ಬ್ಯಾಗು, ಅದರೊಳಗೆ ಒಂದು ಪೆನ್‌ಡ್ರೈವು, ಒಂದು ಡಬ್ಬಿ ಚಿತ್ರಾನ್ನ, ನಾಲ್ಕು ಊರಿನ ಬಸ್ಸಿನ ವೇಳೆ ಬಾಯಿಪಾಠ. ಇಷ್ಟೇ ನನ್ನ ಆಸ್ತಿ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಈಗ ಆ ನಗು ಕಡಿಮೆ. ಯಾಕೆ ಕಡಿಮೆಯಾಯಿತು ಎನ್ನುವುದೇ ಅವಳ ಕತೆ.

ಅವಳ ಕಂಪನಿ ದೊಡ್ಡದೇನಲ್ಲ. ಹಳ್ಳಿ ಡೈರಿಗಳಲ್ಲಿ ಹಾಲು ತಂಪು ಮಾಡುವ ಸ್ಟೀಲಿನ ಟ್ಯಾಂಕು ನೋಡಿದ್ದೀರಲ್ಲ, ಅದರ ಪಕ್ಕದ ಗೋಡೆಗೆ ಒಂದು ಪೆಟ್ಟಿಗೆ ಇರುತ್ತದೆ. ಹಾಲು ಎಷ್ಟು ಬಿಸಿಯಿದೆ, ಎಷ್ಟು ಹೊತ್ತಿಗೊಮ್ಮೆ ಕಲಕಬೇಕು, ಮೋಟಾರು ಯಾವಾಗ ನಿಲ್ಲಬೇಕು, ಎಲ್ಲ ಆ ಪೆಟ್ಟಿಗೆಯ ಜವಾಬ್ದಾರಿ. ಪೆಟ್ಟಿಗೆಗೆ ಬುದ್ಧಿ ಬರೆಯುವವರು ಹತ್ತೊಂಬತ್ತು ಜನ ಪ್ರೋಗ್ರಾಮರುಗಳು. ಹಳ್ಳಿಗಳಿಗೆ ಹತ್ತಿರವಿರಲಿ ಎಂದು ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡು, ಹೀಗೆ ನಾಲ್ಕು ಕಡೆ ಹಂಚಿ ಕೂತಿದ್ದಾರೆ.

ಇನ್ನು ಕಂಪೈಲರ್ ಎಂದರೇನು ಎಂದು ಗೊತ್ತಿಲ್ಲದವರು ಹೆದರಬೇಕಾಗಿಲ್ಲ. ಮನುಷ್ಯರು ಬರೆದದ್ದು ಪೆಟ್ಟಿಗೆಗೆ ತಿಳಿಯುವುದಿಲ್ಲ, ಪೆಟ್ಟಿಗೆಯ ಭಾಷೆ ಮನುಷ್ಯರಿಗೆ ಬಾರದು. ನಡುವೆ ಒಂದು ಮಿಲ್ಲು ಬೇಕು. ರಾಗಿ ಸುರಿದರೆ ಹಿಟ್ಟು ಕೊಡುವಂಥದ್ದು. ಅದೇ ಕಂಪೈಲರ್. ಇಪ್ಪತ್ತು ವರ್ಷದಿಂದ ಇದ್ದದ್ದು ಬಲು ಸಾಧು ಸ್ವಭಾವದ್ದು. ರಾಗಿಯಲ್ಲಿ ಕಲ್ಲಿದ್ದರೆ ಸದ್ದಿಲ್ಲದೆ ಬದಿಗೆ ತಳ್ಳಿ ಬೀಸಿಕೊಡುತ್ತಿತ್ತು. ಹೋದ ವರ್ಷ ದಸರಾ ಹೊತ್ತಿಗೆ ಪೆಟ್ಟಿಗೆಗಳಿಗೆ ಹೊಸ ಚಿಪ್ಪು ಬಂತು, ಹಳೆಯ ಕಂಪೈಲರ್ ಅದಕ್ಕೆ ಒಗ್ಗಲಿಲ್ಲ. ಹೊಸ ಆವೃತ್ತಿ ತರಿಸಬೇಕಾಯಿತು. ಹೊಸದು ಮಹಾ ಕಟ್ಟುನಿಟ್ಟು. ಒಂದು ಕಲ್ಲು ಸಿಕ್ಕರೂ ಬೀಸುವುದನ್ನೇ ನಿಲ್ಲಿಸಿ, ಯಾವ ಫೈಲು, ಎಷ್ಟನೆಯ ಸಾಲು ಎಂದು ಎಲ್ಲರ ಮುಂದೆ ಹೆಸರು ಹಿಡಿದು ಹೇಳುತ್ತದೆ.

ಅದನ್ನು ಹತ್ತೊಂಬತ್ತು ಜನರ ಕಂಪ್ಯೂಟರಿಗೂ ಹಾಕಿ, ಹಳೆಯ ಬರಹವನ್ನೆಲ್ಲ ಅದರಲ್ಲಿ ಬೀಸಿ ತೋರಿಸುವ ಕೆಲಸ ರೂಪಶ್ರೀಯ ಪಾಲಿಗೆ ಬಂತು. ‘ಮೇಲ್‌ನಲ್ಲಿ ಕಳಿಸಿಬಿಡಿ ರೂಪಶ್ರೀ, ಅವರೇ ಹಾಕ್ಕೋತಾರೆ’ ಎಂದರು ಮ್ಯಾನೇಜರ್ ಚಲುವನಾರಾಯಣ.

‘ಬ್ಯಾಡಿ ಸಾ. ತಪ್ಪು ತೋರ್ಸೋ ಮಿಸಿನ್ ಮುಂದೆ ಒಬ್ಬೊಬ್ರನ್ನೇ ಕೂರ್ಸಬಾರ್ದು. ನಾನೇ ಪಕ್ಕದಲ್ಲಿ ಕೂತ್ಕಂಡು ಹಾಕ್ಕೊಡ್ತೀನಿ.’

ಈ ಬುದ್ಧಿ ಅವಳದಲ್ಲ, ಗಂಗಾಧರಯ್ಯನವರದು. ರಾಮನಾಥಪುರದವರು, ಕಂಪನಿಯ ಮೊಟ್ಟಮೊದಲ ಪ್ರೋಗ್ರಾಮರು, ಅರಕಲಗೂಡು ಆಫೀಸಿನ ಹಿರಿಯರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಎಲ್ಲರ ಬಾಯಲ್ಲೂ ಮೇಷ್ಟ್ರು. ಹಾಸನದಲ್ಲಿ ಡಿಪ್ಲೊಮಾ ಮುಗಿಸಿ, ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಿಂದ ಎಣ್ಣೆ ಜಡೆ ಹಾಕಿಕೊಂಡು ಬಂದ ಪುಟ್ಟಸ್ವಾಮಿಯ ಮಗಳು ರೂಪಶ್ರೀ ಕೆಲಸಕ್ಕೆ ಸೇರಿದ್ದು ಅವರ ಕೈಕೆಳಗೆ. ಮೊದಲ ದಿನ ಅವರು ಕಂಪ್ಯೂಟರ್ ಮುಟ್ಟಗೊಡಲಿಲ್ಲ. ಮನೆಯಿಂದ ಒಂದು ಸೇರು, ಒಂದು ಚೀಲ ರಾಗಿ ತರಿಸಿ ಮುಂದಿಟ್ಟು, ಅಳೆ ಎಂದರು. ಇದೇನು ಗ್ರಹಚಾರವಪ್ಪ ಎಂದುಕೊಂಡೇ ಅವಳು, ‘ಲಾಭ, ಎರಡು, ಮೂರು’ ಎಂದು ಅಳೆಯತೊಡಗಿದಳು.

‘ಒಂದು ಯಾಕನ್ಲಿಲ್ಲ?’

‘ಕಾಳಿಗೆ ಒಂದು ಅನ್ನಬಾರ್ದು ಸಾ. ಮೊದಲ್ನೇ ಸೇರಿಗೆ ಲಾಭ ಅನ್ಬೇಕು. ಇಲ್ದಿದ್ರೆ ಬರಕತ್ತಾಗಲ್ಲ ಅಂತಾಳೆ ನಮ್ಮವ್ವ.’

‘ಅಷ್ಟೇ ಕಣವ್ವ ಪ್ರೋಗ್ರಾಮು. ಎಣಿಕೆ ಎಲ್ಲಿಂದ ಶುರು ಅನ್ನೋದು ಗೊತ್ತಿದ್ರೆ ಮಿಕ್ಕಿದ್ದು ತಂತಾನೇ ಬತ್ತದೆ.’

ಅಂದಿನಿಂದ ಅವಳೂ, ಅವಳ ಹಿಂದೆ ಬಂದವರೂ, ನಾಲ್ಕು ಊರಿನ ಹತ್ತೊಂಬತ್ತು ಜನವೂ ಯಾವ ಫೈಲು ಬರೆದರೂ ಮೊದಲ ಸಾಲಿನಲ್ಲಿ ಎಣಿಕೆಗೆಂದು labha ಎಂಬ ಹೆಸರನ್ನು ಬರೆದೇ ಮುಂದೆ ಹೋಗುವುದು. ಗಣಪತಿಗೆ ಕೈ ಮುಗಿದ ಹಾಗೆ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳು ಸೇರಿ ಎರಡು ವರ್ಷವೂ ಆಗಿರಲಿಲ್ಲ, ಅವಳು ಬರೆದದ್ದರಲ್ಲಿ ಒಂದು ಎಡವಟ್ಟಾಗಿ ಬೂವನಹಳ್ಳಿ ಡೈರಿಯ ಟ್ಯಾಂಕು ಕಲಕುವುದನ್ನೇ ನಿಲ್ಲಿಸಿತು. ಒಂದು ಹೊತ್ತಿನ ಹಾಲು, ಇಡೀ ಊರಿನದು, ಒಡೆದುಹೋಯಿತು. ಡೈರಿ ಸೆಕ್ರೆಟರಿ ಬೈರಯ್ಯ ಎಗರಾಡುತ್ತಿದ್ದ. ‘ಯಾರ್ಲಾ ಬರ್ದಿದ್ದು, ಕರ್ಕಬನ್ನಿ ಈಚೆಗೆ!’ ಎಂದು ಜನ ಕೂಗುತ್ತಿದ್ದರು. ಗಂಗಾಧರಯ್ಯ ಅವಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಕೈ ಮುಗಿದರು. ‘ಈ ಮಗ ಹೊಸ್ದು ಕಣಪ್ಪ, ಅದ್ರದೇನೂ ಇಲ್ಲ. ತಪ್ಪು ನಂದು. ಬಯ್ಯೋದಾದ್ರೆ ನನ್ನ ಬಯ್ರಿ.’ ಬೈದರು. ಮೇಲಿನವರೂ ಬೈದರು. ಹಾಸನದ ಮ್ಯಾನೇಜರ್ ಕುರ್ಚಿ ಅವರಿಗೇ ಎಂದು ಆಗಿಹೋಗಿತ್ತು, ಅದೂ ಕೈ ತಪ್ಪಿತು. ಬೂವನಹಳ್ಳಿ ಪೆಟ್ಟಿಗೆಯನ್ನು ಇನ್ನು ಮೇಲೆ ನಾನೇ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಟ್ಟು ಅವರು ಅರಕಲಗೂಡಿನಲ್ಲೇ ಉಳಿದರು. ಈ ಮಾತನ್ನು ಆಮೇಲೆ ಒಂದು ದಿನವೂ ಅವಳೆದುರು ಎತ್ತಲಿಲ್ಲ. ಆ ಋಣ ಅವಳ ಎದೆಯಲ್ಲಿ ಹಾಗೇ ಕೂತಿತ್ತು.

ಹೊಸ ಕಂಪೈಲರನ್ನು ಮೊದಲು ಹಾಸನದಲ್ಲಿ ಹಾಕಿದಳು. ಹಾಕಿದ್ದೇ ತಡ, ಪರದೆ ತುಂಬ ತಪ್ಪುಗಳ ಸಾಲು. ನೋಡಿದರೆ ಎಲ್ಲ ಒಂದೇ: labha ಇಲ್ಲೂ ಇದೆ, labha ಅಲ್ಲೂ ಇದೆ, ಒಂದೇ ಹೆಸರು ಇಷ್ಟು ಕಡೆ ಯಾಕೆ? ಹಳೆಯ ಕಂಪೈಲರ್ ಅಷ್ಟನ್ನೂ ಒಂದೇ ಎಂದುಕೊಂಡು ಸುಮ್ಮನಿತ್ತು. ಹೊಸದು ಒಪ್ಪಲಿಲ್ಲ. ಆಫೀಸಿಗೆ ಆಫೀಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೂಪಶ್ರೀ ಅರಕಲಗೂಡಿಗೆ ಫೋನು ಮಾಡಿದಳು.

‘ಸಾ, ನಿಮ್ ಲಾಭದಿಂದ ಇಡೀ ಕಂಪನಿ ನಿಂತೋಗದೆ. ಹಾಸನ ಒಂದ್ರಲ್ಲೇ ನೂರಾ ಎಂಬತ್ತು ತಪ್ಪು.’

‘ಅಯ್ಯೋ ಶಿವನೇ!’ ಎಂದು ಅವರೂ ನಕ್ಕರು. ‘ಗುರು ಹಾಕಿದ ಗಂಟು, ಶಿಷ್ಯರೇ ಬಿಚ್ಕಳಿ. ಅದಿರ್ಲಿ, ಹೊಸದ್ರಲ್ಲಿ ಟಿಪ್ಪಣೀನ ಕನ್ನಡ ಅಕ್ಷರದಲ್ಲೇ ಬರೀಬೋದ?’

ಟಿಪ್ಪಣಿ ಎಂದರೆ ಪ್ರೋಗ್ರಾಮಿನ ನಡುವೆ ಮನುಷ್ಯರು ಮನುಷ್ಯರಿಗಾಗಿ ಬರೆದಿಡುವ ಮಾತು. ಇದು ಯಾವ ಊರಿಗೆ, ಯಾಕೆ ಹೀಗೆ ಮಾಡಿದೆ, ಹುಷಾರು, ಇಂಥವು. ಕಂಪೈಲರ್ ಅದನ್ನು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಗಂಗಾಧರಯ್ಯ ಫೈಲು ಫೈಲಿಗೂ ಟಿಪ್ಪಣಿ ಬರೆಯುವವರು. ಹಳೆಯದರಲ್ಲಿ ಕನ್ನಡ ಅಕ್ಷರ ಹಾಕಿದರೆ ಕೆಟ್ಟು ನಿಲ್ಲುತ್ತಿದ್ದುದರಿಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು.

‘ಬರೀಬೋದು ಸಾ, ಧಾರಾಳವಾಗಿ.’

‘ಇಪ್ಪತ್ತು ವರ್ಷದಿಂದ ಕಾದಿದ್ದೆ ಕಣವ್ವ.’

ಹತ್ತು ನಿಮಿಷಕ್ಕೆ ಅವರದೇ ಫೋನು. ‘ರೂಪಾ, ಹೊಸದ್ರಲ್ಲಿ ಟಿಪ್ಪಣೀನ ಕನ್ನಡ ಅಕ್ಷರದಲ್ಲೇ ಬರೀಬೋದ?’ ಖುಷಿಗೆ ಮತ್ತೆ ಕೇಳುತ್ತಿದ್ದಾರೆ ಎಂದುಕೊಂಡಳು ಪುಣ್ಯಾತ್ಗಿತ್ತಿ. ನಾವಾದರೂ ಹಾಗೇ ಅಂದುಕೊಳ್ಳುತ್ತಿದ್ದೆವು.

ಹೊಳೆನರಸೀಪುರ ಮುಗಿಯಿತು, ಚನ್ನರಾಯಪಟ್ಟಣ ಮುಗಿಯಿತು. ಕಡೆಗೆ ಒಂದು ಬುಧವಾರ ಬೆಳಗಿನ ಬಸ್ಸಿಗೆ ಅರಕಲಗೂಡಿಗೆ ಬಂದಳು. ಬ್ಯಾಗಿನಲ್ಲಿ ಮೇಷ್ಟ್ರಿಗೆಂದು ಊರಿನ ಅವರೆಕಾಯಿ.

ಅಲ್ಲಿಯ labhaಗಳನ್ನೆಲ್ಲ ಹೆಕ್ಕಿ ತೆಗೆದ ಮೇಲೂ ಕಂಪೈಲರ್ ನಿಂತಲ್ಲೇ ನಿಂತಿತು. ಈ ಸಲ ಬೇರೆ ಹೆಸರು: kalaku. ಟ್ಯಾಂಕಿನ ಹಾಲನ್ನು ಕಲಕಿಸುವ ತುಣುಕು. ಅದು ಒಂದೇ ಇರಬೇಕು. ಹನ್ನೊಂದು ಕಡೆ ಇದೆ ಎಂದಿತು ಕಂಪೈಲರ್. ಯಾರೋ ನಕಲು ಮಾಡಿ ಮರೆತಿರಬೇಕು ಎಂದುಕೊಂಡು ಮೊದಲನೆಯದನ್ನು ತೆರೆದಳು. ಮೇಲೆ ಗಂಗಾಧರಯ್ಯನವರ ಹೆಸರು, ಮೂರು ವರ್ಷದ ಹಿಂದಿನ ತಾರೀಖು, ಬೂವನಹಳ್ಳಿ ಬೈರಯ್ಯನ ಟ್ಯಾಂಕಿಗೆ ಎಂಬ ಟಿಪ್ಪಣಿ. ಮುತ್ತು ಪೋಣಿಸಿದ ಹಾಗೆ ಬರೆದಿದ್ದರು. ಎರಡನೆಯದನ್ನು ತೆರೆದಳು. ಅದೇ ಹೆಸರು, ಅದೇ ಊರು, ಟಿಪ್ಪಣಿಯ ಮೊದಲ ಸಾಲೂ ಅದೇ. ತಾರೀಖು ಮಾತ್ರ ಎಂಟು ತಿಂಗಳು ಆಮೇಲಿನದು. ಮೂರನೆಯದೂ ಅದೇ, ಅದಾದ ಆರು ತಿಂಗಳಿಗೆ.

ನಕಲಲ್ಲ ಅದು. ಪ್ರತಿಸಲವೂ ಹೊಸದಾಗಿ ಕೂತು, ಮೊದಲಿಂದ ಬರೆದದ್ದು.

ರೂಪಶ್ರೀ ಟಿಪ್ಪಣಿ ಬಿಟ್ಟು, ಮುಂದಿನವುಗಳ ತಾರೀಖು, ಕೆಲಸದ ಸಾಲು ಇಷ್ಟನ್ನೇ ನೋಡುತ್ತ ಹೋದಳು. ನಡುವಿನ ಅಂತರ ಐದು ತಿಂಗಳು, ನಾಲ್ಕು, ಮೂರು, ಮತ್ತೆ ಮೂರು, ಎರಡು, ಮತ್ತೆ ಎರಡು, ಒಂದು ತಿಂಗಳು, ಕಡೆಗೆ ಹತ್ತು ದಿನ. ಬರವಣಿಗೆ ಹೋಗುತ್ತ ಹೋಗುತ್ತ ತಡವರಿಸಿತ್ತು. ಒಂಬತ್ತನೆಯದರಲ್ಲಿ ಎಣಿಕೆ ಶುರುವಾಗಿ ಮುಗಿಯುವುದೇ ಇಲ್ಲ. ಹನ್ನೊಂದನೆಯದರಲ್ಲಿ ಹೆಸರು ಬಿಟ್ಟರೆ ಕೆಲಸದ ಸಾಲೇ ಇಲ್ಲ. ಹಳೆಯ ಕಂಪೈಲರ್ ಮೊದಲು ಸಿಕ್ಕ ಒಳ್ಳೆಯದನ್ನು ಹಿಡಿದುಕೊಂಡು, ಮಿಕ್ಕ ಹತ್ತನ್ನು ಯಾರಿಗೂ ಹೇಳದೆ ಬದಿಗೆ ತಳ್ಳುತ್ತ ಬಂದಿತ್ತು. ಮೂರು ವರ್ಷ ಆ ಮನುಷ್ಯನ ಮಾನ ಕಾದದ್ದು ಅದು.

‘ಕಾಫಿ ಕುಡುದ್ಯೇನವ್ವ ರೂಪಾ?’ ಎಂದರು ಗಂಗಾಧರಯ್ಯ, ಎದುರಿನ ಕುರ್ಚಿಯಿಂದ. ಆ ಬೆಳಗ್ಗೆ ಮೂರನೆಯ ಸಲ.

‘ಇಲ್ಲ ಸಾ, ಕುಡೀತೀನಿ’ ಎಂದಳು. ಕಣ್ಣು ತುಂಬಿ ಪರದೆ ಕಾಣಲಿಲ್ಲ. ಟಿಪ್ಪಣಿಗಳನ್ನು ಪೂರ್ತಿ ಓದುವ ಧೈರ್ಯ ಬರಲಿಲ್ಲ, ಫೈಲು ಮುಚ್ಚಿದಳು.

ಮಧ್ಯಾಹ್ನ ಅವರ ಹೆಂಡತಿ ದಾಕ್ಷಾಯಣಮ್ಮ ಊಟದ ಕ್ಯಾರಿಯರ್ ಹಿಡಿದು ಬಂದರು. ದಿನಾ ಬರುತ್ತಾರೆ, ಸಂಜೆಯವರೆಗೂ ಜಗಲಿಯಲ್ಲಿ ಕೂತಿದ್ದು ಜೊತೆಯಲ್ಲೇ ಮನೆಗೆ ಹೋಗುತ್ತಾರೆ. ಮೇಷ್ಟ್ರಿಗೆ ಈಗ ಹೊಸ ಮದುವೆ ಎಂದು ಆಫೀಸಿನವರು ಚುಡಾಯಿಸುವುದಿತ್ತು. ರೂಪಶ್ರೀ ಜಗಲಿಗೆ ಹೋಗಿ ಪಕ್ಕದಲ್ಲಿ ಕೂತಳು. ಮುಖ ನೋಡಿದ್ದೇ ದಾಕ್ಷಾಯಣಮ್ಮನಿಗೆ ತಿಳಿಯಿತು.

‘ನಿಂಗೂ ಗೊತ್ತಾಯ್ತೇನವ್ವ?’

‘ಎಷ್ಟು ದಿನದಿಂದ ಅಮ್ಮಾ?’

‘ಎರಡು ವರ್ಷದ ಮೇಲಾಯ್ತು. ಮನೆ ದಾರೀನೇ ತಪ್ತಾರೆ. ಅದ್ಕೇ ಈ ಊಟದ ನೆಪ. ಮೈಸೂರಿಗೆ ಕರ್ಕಂಡೋಗಿ ತೋರ್ಸಿದ್ವಿ. ಮರೆವಿನ ಕಾಯಿಲೆ, ಹಿಂದಕ್ಕೆ ಬರಲ್ಲ ಅಂದ್ರು.’

‘ಅವರಿಗೆ ಗೊತ್ತಾ?’

‘ಕೆಲವು ದಿನ ಗೊತ್ತಿರ್ತದೆ. ಆವತ್ತು ಊಟ ಮಾಡಲ್ಲ.’ ದಾಕ್ಷಾಯಣಮ್ಮ ಅವಳ ಕೈ ಹಿಡಿದುಕೊಂಡರು. ‘ಯುಗಾದಿ ಕಳುದ್ರೆ ರಿಟೈರು. ಇನ್ನು ಐದು ತಿಂಗಳು. ಆ ಕುರ್ಚಿ ಒಂದಿದ್ರೆ ಅವ್ರು ಅವ್ರಾಗಿರ್ತಾರೆ ಕಣವ್ವ. ಹುಚ್ಚ ಅನ್ನಿಸ್ಕಂಡು ಈಚೆಗೆ ಬರೋದು ಬ್ಯಾಡ. ನಿನ್ನ ದಮ್ಮಯ್ಯ.’

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹಾಸನಕ್ಕೆ ಹೇಳಿದರೆ ಅಂದೇ ಕುರ್ಚಿ ಹೋಗುತ್ತದೆ. ಬೂವನಹಳ್ಳಿಯಲ್ಲಿ ತನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ ಮನುಷ್ಯನನ್ನು ಎಲ್ಲರ ಮುಂದೆ ನಿಲ್ಲಿಸುವುದು ಅವಳಿಂದಾಗಲಿಲ್ಲ. ಒಳಗೆ ಹೋಗಿ ಹತ್ತು kalakuಗಳನ್ನು ಅಳಿಸಿದಳು. ಮೊದಲನೆಯದೊಂದನ್ನು ಉಳಿಸಿದಳು. ಕಂಪೈಲರ್ ಈಗ ಚಕಾರವೆತ್ತಲಿಲ್ಲ. ಅರಕಲಗೂಡು ಎಲ್ಲ ಸರಿಯಾಗಿದೆ ಎಂದು ಚಲುವನಾರಾಯಣರಿಗೆ ಬರೆದಳು. ಹೊರಡುವಾಗ ಗಂಗಾಧರಯ್ಯ ಬಾಗಿಲವರೆಗೂ ಬಂದರು.

‘ಎಲ್ಲಾ ನೋಡ್ದ್ಯಾ ರೂಪಾ? ನಂದ್ರಲ್ಲೇನಾದ್ರೂ ತಪ್ಪಿತ್ತಾ?’

‘ಏನಿಲ್ಲ ಸಾ. ಎಲ್ಲಾ ಚೆನ್ನಾಗದೆ.’

ಅವರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಸಮಾಧಾನದಿಂದ ತಲೆಯಾಡಿಸಿದರು. ಅವಳು ಸೀರೆ ಸೆರಗು ಬಾಯಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಮೂರು ವಾರ ಕಳೆಯಿತು. ಒಂದು ಬೆಳಗ್ಗೆ ಚಲುವನಾರಾಯಣ ಅವಳ ಮೇಜಿನ ಹತ್ತಿರ ಬಂದು ನಿಂತರು. ‘ಬೂವನಹಳ್ಳಿಯಲ್ಲಿ ಟ್ಯಾಂಕು ಕಲಕಲೇ ಇಲ್ಲವಂತೆ. ಪೂರ್ತಿ ಹಾಲು ಒಡೆದುಹೋಗಿದೆ. ಜನ ಗಲಾಟೆ ಮಾಡ್ತಿದ್ದಾರೆ. ನಿನ್ನೆಯಷ್ಟೇ ಅರಕಲಗೂಡಿನಿಂದ ಹೊಸ ಪ್ರೋಗ್ರಾಮ್ ಹೋಗಿದೆ. ಸ್ವಲ್ಪ ನೋಡಿ ರೂಪಶ್ರೀ.’

ನೋಡಲು ಬಹಳ ಹೊತ್ತು ಬೇಕಾಗಲಿಲ್ಲ. ಗಂಗಾಧರಯ್ಯ ಮತ್ತೆ kalaku ಬರೆದಿದ್ದರು, ಹನ್ನೆರಡನೆಯ ಸಲ. ಹೊಸ ಕಂಪೈಲರ್ ಈ ಹೆಸರು ಆಗಲೇ ಇದೆ ಎಂದು ಗದರಿತ್ತು. ಯಾವ ಪ್ರೋಗ್ರಾಮರಾದರೂ ಮಾಡುವುದನ್ನೇ ಅವರೂ ಮಾಡಿದ್ದರು: ಹೆಸರು ಬದಲಾಯಿಸಿ, ಆ ಹೊಸ ಹೆಸರನ್ನೇ ಕೆಲಸಕ್ಕೆ ಹಚ್ಚಿದ್ದರು. ಅದರಲ್ಲಿ ಎಣಿಕೆ ಶುರುವಾಗುತ್ತದೆ, ಮುಗಿಯುವುದಿಲ್ಲ. ಹಳೆಯ ಕಂಪೈಲರ್ ಇದ್ದಿದ್ದರೆ ಆ ಹೆಸರೇ ಬದಲಾಗುತ್ತಿರಲಿಲ್ಲ, ಹಾಲು ಉಳಿಯುತ್ತಿತ್ತು.

ಅವಳು ಅಳಿಸಿದ ಹತ್ತೂ ಬ್ಯಾಕಪ್ಪಿನಲ್ಲಿದ್ದವು. ಈಗ ತೆರೆದು, ಅಂದು ಬಿಟ್ಟ ಟಿಪ್ಪಣಿಗಳನ್ನು ಕೊನೆಯವರೆಗೂ ಓದಿದಳು. ಇಂಗ್ಲಿಷ್ ಅಕ್ಷರದ ಕನ್ನಡ. ಐದನೆಯದರಲ್ಲಿತ್ತು: ‘ಇದನ್ನು ಮುಂಚೆ ಬರೆದ ಹಾಗಿದೆ. ರೂಪಾ ಬಂದಾಗ ಕೇಳಬೇಕು.’ ಎಂಟನೆಯದರಲ್ಲಿ: ‘ರೂಪಾ, ಇದು ನಿನ್ನ ಕಣ್ಣಿಗೆ ಬಿದ್ದರೆ ಈ ಕೆಲಸ ನನ್ನ ಕೈಯಿಂದ ತಗೊಂಡುಬಿಡು. ಬಾಯಿಬಿಟ್ಟು ಹೇಳಲು ನಾಚಿಕೆ.’ ಹನ್ನೊಂದನೆಯದರಲ್ಲಿ ಅವಳ ಹೆಸರು ಮಾತ್ರ ಇತ್ತು.

ಹನ್ನೆರಡನೆಯದರ ಟಿಪ್ಪಣಿ ಕನ್ನಡ ಅಕ್ಷರದಲ್ಲಿತ್ತು. ಇಪ್ಪತ್ತು ವರ್ಷ ಕಾದು ಬರೆದ ಮೊದಲ ಕನ್ನಡ. ‘ರೂಪಾ ಬಂದಿದ್ದಳು. ಎಲ್ಲ ನೋಡಿದ್ದಾಳೆ. ಏನೂ ಇಲ್ಲ ಅಂದಳು. ಹಾಗಾದರೆ ನನಗೇನೂ ಆಗಿಲ್ಲ.’

ಅಯ್ಯೋ! ರೂಪಶ್ರೀ ಮೇಜಿನ ಮೇಲೆ ತಲೆಯಿಟ್ಟು ಮುಚ್ಚುಮರೆಯಿಲ್ಲದೆ ಅತ್ತಳು. ಮಾನ ಉಳಿಸುತ್ತೇನೆಂದು ಹೋಗಿ, ಆ ಮನುಷ್ಯ ಎಷ್ಟೋ ದಿನದಿಂದ ಚಾಚಿದ ಕೈಯನ್ನು ತಳ್ಳಿ ಬಂದಿದ್ದಳು.

ಬೂವನಹಳ್ಳಿಗೆ ಚಲುವನಾರಾಯಣರ ಕಾರಿನಲ್ಲೇ ಹೋದಳು. ಅರಕಲಗೂಡಿನಿಂದ ಗಂಗಾಧರಯ್ಯನವರನ್ನೂ ಕರೆಸಿದ್ದರು, ಪಕ್ಕದಲ್ಲಿ ದಾಕ್ಷಾಯಣಮ್ಮ. ಡೈರಿ ಮುಂದೆ ಜನ ತುಂಬಿದ್ದರು. ಒಡೆದ ಹಾಲಿನ ಹುಳಿವಾಸನೆ ರಸ್ತೆಯವರೆಗೂ ಬರುತ್ತಿತ್ತು. ಸೆಕ್ರೆಟರಿ ಈಗಲೂ ಬೈರಯ್ಯನೇ, ತಲೆ ಪೂರ್ತಿ ನೆರೆತಿತ್ತು.

ರೂಪಶ್ರೀ ಯಾರನ್ನೂ ಕೇಳದೆ ಮುಂದೆ ಹೋಗಿ ನಿಂತಳು. ‘ತಪ್ಪು ನಂದು. ಮೇಷ್ಟ್ರಿಗೆ ಹುಷಾರಿಲ್ಲ ಅಂತ ನಂಗೆ ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿಟ್ಟೆ...’

‘ಏ, ನೀನ್ ಸುಮ್ಕಿರವ್ವ!’

ಗಂಗಾಧರಯ್ಯ ಹೆಂಡತಿಯ ಕೈ ಬಿಡಿಸಿಕೊಂಡು ಬಂದಿದ್ದರು. ಟ್ಯಾಂಕು, ಜನ, ಬೈರಯ್ಯ, ಎಲ್ಲವನ್ನೂ ನೋಡಿದರು. ಎಷ್ಟೋ ದಿನದಿಂದ ಮಂಕಾಗಿದ್ದ ಕಣ್ಣಿನಲ್ಲಿ ಗುರುತು ಮೂಡಿತು. ರೂಪಶ್ರೀಯ ರಟ್ಟೆ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡು ಕೈ ಮುಗಿದರು.

‘ಈ ಮಗ ಹೊಸ್ದು ಕಣಪ್ಪ ಬೈರಯ್ಯ, ಸೇರಿ ಎರಡು ವರ್ಷನೂ ಆಗಿಲ್ಲ. ಅದ್ರದೇನೂ ಇಲ್ಲ. ತಪ್ಪು ನಂದು. ಬಯ್ಯೋದಾದ್ರೆ ನನ್ನ ಬಯ್ರಿ.’

ಯಾರೂ ಬೈಯಲಿಲ್ಲ. ಬೈರಯ್ಯ ಹೆಗಲ ಮೇಲಿನ ಟವಲನ್ನು ಕಣ್ಣಿಗೊತ್ತಿಕೊಂಡು, ‘ಒಂದು ಕುರ್ಚಿ ತನ್ರಲಾ’ ಎಂದ.

ಆ ವಾರವೇ ಗಂಗಾಧರಯ್ಯ ಕೆಲಸ ಬಿಟ್ಟರು. ಅಂದರೆ, ದಾಕ್ಷಾಯಣಮ್ಮ ಕಾಗದ ಬರೆದು ಅವರ ಕೈಯಲ್ಲಿ ಸಹಿ ಹಾಕಿಸಿದರು. ರೂಪಶ್ರೀಗೆ ಕಂಪನಿ ಏನೂ ಮಾಡಲಿಲ್ಲ, ಒಂದು ಮೆಮೋ ಕೊಟ್ಟು ಸುಮ್ಮನಾಯಿತು. ಅದೇ ಅವಳಿಗೆ ದೊಡ್ಡ ಶಿಕ್ಷೆ. ಈಗಲೂ ಹೊಸ ಆವೃತ್ತಿ ಬಂದಾಗ ನಾಲ್ಕು ಊರಿಗೂ ಹೋಗುತ್ತಾಳೆ. ಒಬ್ಬೊಬ್ಬರ ಪಕ್ಕ ಕೂತು, ಕಂಪೈಲರ್ ಓದದ ಸಾಲುಗಳನ್ನೇ ಮೊದಲು ಓದುತ್ತಾಳೆ.

ಭಾನುವಾರ ಅರಕಲಗೂಡಿನ ಬಸ್ಸು ಹತ್ತುತ್ತಾಳೆ. ಗಂಗಾಧರಯ್ಯ ಜಗಲಿಯಲ್ಲಿ ಕೂತಿರುತ್ತಾರೆ, ವಿಭೂತಿ ದಾಕ್ಷಾಯಣಮ್ಮ ಹಚ್ಚಿದ್ದು.

‘ಯಾರವ್ವ ನೀನು?’

‘ಹೊಸಬಳು ಸಾ. ಪ್ರೋಗ್ರಾಮು ಕಲಿಯಕ್ಕೆ ಬಂದಿವ್ನಿ.’

ಆಗ ಅವರ ಮುಖ ಅರಳುತ್ತದೆ. ಒಳಗೆ ಕೂಗಿ ಸೇರು, ರಾಗಿ ತರಿಸಿ ಅವಳ ಮುಂದಿಡುತ್ತಾರೆ. ‘ಅಳೆ ನೋಡನ’ ಎನ್ನುತ್ತಾರೆ. ರೂಪಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುತ್ತಾಳೆ, ಸೇರು ತುಂಬಿ ಎತ್ತುತ್ತಾಳೆ, ‘ಲಾಭ’ ಎನ್ನುತ್ತಾಳೆ.

‘ಒಂದು ಯಾಕನ್ಲಿಲ್ಲ?’ ಎಂದು ಗಂಗಾಧರಯ್ಯ ಕೇಳುತ್ತಾರೆ.